ದೊಡ್ಡಮ್ಮನ ನಾಲ್ಕು ಚಾನೆಲ್: ಒಂದು ಕೇಬಲ್ ಬಿಲ್ಲಿನ ಪ್ರಕರಣ

ನಮ್ಮ ದೊಡ್ಡಮ್ಮ ಇರುವುದು ಹನುಮಂತನಗರದಲ್ಲಿ, ಒಬ್ಬರೇ. ದೊಡ್ಡಪ್ಪ ಹೋದ ಮೇಲೆ ಬರುವ ಪಿಂಚಣಿಯಲ್ಲೇ ಮನೆ ನಡೆಯುತ್ತದೆ. ಹಾಲು, ಔಷಧಿ, ಕರೆಂಟು, ಕೇಬಲ್ಲು, ಯಾವುದಕ್ಕೆ ಎಷ್ಟು ಹೋಯಿತು ಅನ್ನುವುದನ್ನು ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲೇ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. 2019ರ ಮಾರ್ಚ್ ಮೊದಲ ವಾರ ಅವರಿಂದ ಫೋನ್ ಬಂತು.

"ಕೇಬಲ್ ಹುಡುಗ 330 ತಗೊಂಡು ಹೋದ ಕಣೋ. ಹೋದ ತಿಂಗಳವರೆಗೂ 250 ಇತ್ತು. ಕೇಳಿದ್ರೆ ಗೌರ್ಮೆಂಟೇ ಜಾಸ್ತಿ ಮಾಡಿದೆ ಅಮ್ಮ ಅಂದ. ಹೌದೇನೋ?"

ಆ ತಿಂಗಳು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿಬಂದಿತ್ತು. ಹೆಚ್ಚಿನವರು ಗೊಣಗಿಕೊಂಡು ಕೊಟ್ಟು ಸುಮ್ಮನಾದರು. ನಾನೂ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಪಿಂಚಣಿಯಲ್ಲಿ ಬದುಕುವವರಿಗೆ 80 ರೂಪಾಯಿ ಅಂದರೆ ಎರಡು ದಿನದ ಹಾಲು, ತರಕಾರಿ. ಅದಕ್ಕೇ ಕೂತು ಓದಿದೆ. ಓದಿದ್ದು, ಮಾಡಿದ್ದು, ಆಗಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಮನೆಯ ಸಣ್ಣ ಬಿಲ್ಲು ನಿಜ. ಆದರೆ ಪ್ರಸಾರ ನೀತಿ ಅಂತ ದೆಹಲಿಯಲ್ಲಿ ಬರೆಯುವ ದೊಡ್ಡ ದೊಡ್ಡ ಕಾಗದಗಳು ಕೊನೆಗೆ ಬಂದು ನಿಲ್ಲುವುದು ಇಂಥ ಬಿಲ್ಲಿನಲ್ಲೇ ಅಲ್ವಾ?

ನಿಯಮ ಹೇಳಿದ್ದೇನು

ಮೊದಲು ಹುಡುಗ ಹೇಳಿದ "ಗೌರ್ಮೆಂಟ್" ಯಾವುದು ಅಂತ ನೋಡೋಣ. ಕೇಬಲ್ ಮತ್ತು ಡಿಟಿಎಚ್ ದರದ ವಿಷಯ ನೋಡಿಕೊಳ್ಳುವುದು ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಹುಟ್ಟಿದ್ದು ಟೆಲಿಫೋನ್ ಕಂಪನಿಗಳ ಮೇಲೆ ಕಣ್ಣಿಡಲು. 2004ರ ಜನವರಿಯಿಂದ ಪ್ರಸಾರ ಮತ್ತು ಕೇಬಲ್ ಸೇವೆಯೂ ಅದರ ಕೈಗೆ ಬಂತು. ಈ ಟ್ರಾಯ್ 2017ರ ಮಾರ್ಚ್‌ನಲ್ಲಿ ಹೊಸ ದರ ನಿಯಮ ತಂದಿತು. ಚಾನೆಲ್ ಕಂಪನಿಗಳು ಕೋರ್ಟಿಗೆ ಹೋದವು. 2018ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಟ್ರಾಯ್ ಪರವಾಗಿ ತೀರ್ಪು ಕೊಟ್ಟಿತು. 2019ರ ಫೆಬ್ರವರಿ 1ರಿಂದ ನಿಯಮ ಜಾರಿಗೆ ಬಂತು.

ನಿಯಮದ ಹೂರಣ ಇಷ್ಟೇ: ನೋಡುವವರು ಬೇಕಾದ ಚಾನೆಲ್ ಆರಿಸಿಕೊಳ್ಳಬೇಕು, ಆರಿಸಿದ್ದಕ್ಕೆ ಮಾತ್ರ ದುಡ್ಡು ಕೊಡಬೇಕು. ಅದಕ್ಕಾಗಿ ಬಿಲ್ಲನ್ನು ಎರಡು ಭಾಗ ಮಾಡಿದರು. ಒಂದು, ತಂತಿ ಎಳೆದು ಮನೆಗೆ ಸಿಗ್ನಲ್ ಕೊಡುವ ಖರ್ಚು, ಅಂದರೆ ನೆಟ್‌ವರ್ಕ್ ಶುಲ್ಕ. 100 ಚಾನೆಲ್‌ವರೆಗೆ ಇದು 130 ರೂಪಾಯಿಗಿಂತ ಜಾಸ್ತಿ ಇರಬಾರದು. ಅದರ ಮೇಲೆ ಪ್ರತಿ 25 ಚಾನೆಲ್‌ಗೆ ಹೆಚ್ಚೆಂದರೆ 20 ರೂಪಾಯಿ. ಇನ್ನೊಂದು ಭಾಗ, ಆರಿಸಿಕೊಂಡ ಪೇ ಚಾನೆಲ್‌ಗಳ, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ. ಅಂಗಡಿಯಲ್ಲಿ ಸೋಪಿನ ಮೇಲೆ ಇರುತ್ತಲ್ಲ, ಹಾಗೆ ಪ್ರತಿ ಪೇ ಚಾನೆಲ್‌ಗೂ ಎಂಆರ್‌ಪಿ ಬಂತು. ಬೆಲೆ ಇಡುವುದು ಚಾನೆಲ್ ಕಂಪನಿಯೇ. ಆದರೆ ಹಲವು ಚಾನೆಲ್ ಕಟ್ಟಿ ಮಾರುವ ಕಟ್ಟಿನಲ್ಲಿ ಒಂದು ಚಾನೆಲ್ ಸೇರಬೇಕಾದರೆ ಅದರ ಬೆಲೆ 19 ರೂಪಾಯಿ ದಾಟಬಾರದು. ಹಾಗಾಗಿ ಜನ ಮುಗಿಬಿದ್ದು ನೋಡುವ ಧಾರಾವಾಹಿ ಚಾನೆಲ್‌ಗಳಲ್ಲಿ ಬಹುಪಾಲು 19ಕ್ಕೇ ಬಂದು ನಿಂತವು. ಎಲ್ಲ ಸೇರಿದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಜನ ಬೇಗ ಬೇಗ ಆರಿಸಲಿಲ್ಲ. ಆಗ ಟ್ರಾಯ್ ಮಾರ್ಚ್ 31ರವರೆಗೆ ಕಾಲಾವಕಾಶ ಕೊಟ್ಟು, ಆರಿಸದೇ ಇದ್ದವರನ್ನು ಅವರ ಭಾಷೆ, ನೋಡುವ ರೂಢಿ ಗಮನಿಸಿ ಹೊಂದುವ ಒಂದು ಪ್ಯಾಕ್‌ಗೆ ಹಾಕಿ ಅಂತ ಕೇಬಲ್ ಸಂಸ್ಥೆಗಳಿಗೆ ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತ್ತು: ಆ ಪ್ಯಾಕ್ ಸಾಮಾನ್ಯವಾಗಿ ಅವರು ಮೊದಲು ಕೊಡುತ್ತಿದ್ದ ದುಡ್ಡಿಗಿಂತ ಜಾಸ್ತಿ ಆಗಬಾರದು.

ದೊಡ್ಡಮ್ಮ ಕೊಡುತ್ತಿದ್ದದ್ದು 250. ಹಾಕಿದ್ದು 330ರ ಪ್ಯಾಕ್‌ಗೆ. ಯಾರೂ ಅವರನ್ನು ಏನೂ ಕೇಳಿರಲಿಲ್ಲ.

ಒಂದು ವಾರದ ಲೆಕ್ಕ

ಭಾನುವಾರ ಹೋಗಿ ಕೂತೆ. ದೊಡ್ಡಮ್ಮನ ರಿಮೋಟ್‌ಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದೆ. ಮೂರು ಗುಂಡಿಗಳ ಮೇಲಿನ ಅಂಕಿ ಅಳಿಸಿಯೇ ಹೋಗಿದೆ, ಉಳಿದವು ಹೊಸದರಂತೆ ಇವೆ. ರಸೀದಿ ಕೇಳಿದೆ. ಹಳೇ ಬಿಸ್ಕತ್ ಡಬ್ಬಿಯಿಂದ ಒಂದು ಕಟ್ಟು ತೆಗೆದುಕೊಟ್ಟರು. ಬೆರಳುದ್ದದ ಚೀಟಿಗಳು. ಒಂದೊಂದರ ಮೇಲೂ ತಿಂಗಳ ಹೆಸರು, ಮೊತ್ತ, ಒಂದು ಗೀಚು. ಯಾವ ಪ್ಯಾಕ್, ಎಷ್ಟು ಚಾನೆಲ್, ತೆರಿಗೆ ಎಷ್ಟು, ಯಾವುದೂ ಇಲ್ಲ.

ಸೆಟ್‌ಟಾಪ್ ಬಾಕ್ಸ್‌ನಲ್ಲಿ 999ನೇ ನಂಬರ್ ಒತ್ತಿದರೆ ಗ್ರಾಹಕರಿಗೆ ಬೇಕಾದ ಮಾಹಿತಿ, ಚಾನೆಲ್ ಬೆಲೆ ತೋರಿಸಬೇಕು ಅಂತ ಟ್ರಾಯ್ ಹೇಳಿದೆ. ಒತ್ತಿದೆವು. ಬಂತು. ಇಂಗ್ಲಿಷ್‌ನಲ್ಲಿ, ಸಣ್ಣ ಅಕ್ಷರದಲ್ಲಿ, ದೊಡ್ಡಮ್ಮ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಪುಟಕ್ಕೆ ಹೋಯಿತು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಇಂಗ್ಲಿಷ್ ಬರುವುದಿಲ್ಲ.

ಹಾಗಾಗಿ ಬೇರೆ ದಾರಿ ಹಿಡಿದೆವು. ಮದುವೆ ಕಾಗದ ಒಂದರ ಹಿಂಬದಿಯಲ್ಲಿ ಏಳು ಗೆರೆ ಎಳೆದುಕೊಟ್ಟೆ. "ದೊಡ್ಡಮ್ಮ, ಒಂದು ವಾರ ಏನೇನು ನೋಡ್ತೀರೋ ಅದನ್ನ ಬರೀತಾ ಹೋಗಿ. ಹಾಕಿ ಐದು ನಿಮಿಷಕ್ಕೆ ಬದಲಾಯಿಸಿದ್ರೆ ಬೇಡ, ಕೂತು ನೋಡಿದ್ದು ಮಾತ್ರ."

ಮುಂದಿನ ಭಾನುವಾರ ಆ ಹಾಳೆ ನೋಡಿದರೆ ನಾಲ್ಕೇ ಹೆಸರು ತಿರುಗಿ ತಿರುಗಿ ಬಂದಿದ್ದವು. ಸಂಜೆ ಎರಡು ಧಾರಾವಾಹಿ ಚಾನೆಲ್. ರಾತ್ರಿ ಮಲಗುವ ಮುಂಚೆ ಒಂದು ಕನ್ನಡ ನ್ಯೂಸ್ ಚಾನೆಲ್. ಮತ್ತೆ ದೂರದರ್ಶನದ ಚಂದನ. 2002ರಿಂದ ನಡೆಯುತ್ತಿರುವ 'ಥಟ್ ಅಂತ ಹೇಳಿ' ಕ್ವಿಜ್ ಬರುವಾಗ ಅವರ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಉತ್ತರ ಗೊತ್ತಿದ್ದರೆ ಟಿವಿಯವರಿಗಿಂತ ಮೊದಲು ಅವರೇ ಹೇಳಬೇಕು.

ಪ್ಯಾಕ್‌ನಲ್ಲಿ ಇದ್ದದ್ದು 150 ಚಾನೆಲ್. ಲೆಕ್ಕ ಬಿಡಿಸಿದರೆ ಹೀಗಿತ್ತು: ನೆಟ್‌ವರ್ಕ್ ಶುಲ್ಕ 130, ನೂರರ ಮೇಲಿನ 50 ಚಾನೆಲ್‌ಗೆ 40, ಪೇ ಚಾನೆಲ್‌ಗಳ ಬಾಬ್ತು 110. ಒಟ್ಟು 280. ತೆರಿಗೆ ಸೇರಿ 330 ರೂಪಾಯಿ 40 ಪೈಸೆ.

ಈಗ ಅವರ ನಾಲ್ಕು ಚಾನೆಲ್ ತೆಗೆದುಕೊಳ್ಳಿ. ಚಂದನಕ್ಕೆ ದುಡ್ಡಿಲ್ಲ. ಕನ್ನಡದ ಹೆಚ್ಚಿನ ನ್ಯೂಸ್ ಚಾನೆಲ್‌ಗಳಂತೆ ಅವರು ನೋಡುವ ನ್ಯೂಸ್ ಚಾನೆಲ್ಲೂ ಫ್ರೀ ಟು ಏರ್, ಅಂದರೆ ಬೇರೆ ಬೆಲೆ ಇಲ್ಲದ್ದು. ಉಳಿದವು ಎರಡು ಧಾರಾವಾಹಿ ಚಾನೆಲ್, ತಲಾ 19. ಅಲ್ಲಿಗೆ 130 ಜೊತೆ 38, ಅಂದರೆ 168. ತೆರಿಗೆ ಸೇರಿ 198 ರೂಪಾಯಿ 24 ಪೈಸೆ. ತಿಂಗಳಿಗೆ 132 ಉಳಿತಾಯ, ವರ್ಷಕ್ಕೆ 1,585. ಮೊದಲಿನ 250ಕ್ಕಿಂತಲೂ ಕಮ್ಮಿ. "ಗೌರ್ಮೆಂಟೇ ಜಾಸ್ತಿ ಮಾಡಿದೆ" ಅಂದಿದ್ದನಲ್ಲ ಹುಡುಗ, ಅದೇ ನಿಯಮವನ್ನು ಸರಿಯಾಗಿ ಹಚ್ಚಿದ್ದರೆ ಇವರ ಬಿಲ್ಲು ಇಳಿಯಬೇಕಿತ್ತು. ಈ ಲೆಕ್ಕ ಮೂರು ಸಲ ಮಾಡಿ ನೋಡಿದೆ. ನಿಜವಾಗಿ ಸಿಟ್ಟು ಬಂದಿದ್ದು ಆಗಲೇ.

ಹಾಳೆಗಾಗಿ ಓಡಾಟ

ಕಲೆಕ್ಷನ್ ಹುಡುಗನನ್ನು ಕರೆಸಿ ಹೇಳಿದೆ, ಬಿಡಿಯಾಗಿ ಎರಡೇ ಪೇ ಚಾನೆಲ್ ಸಾಕು ಅಂತ.

"ಸರ್, ಬಿಡಿಯಾಗಿ ತಗೊಂಡ್ರೆ ನಿಮಗೇ ಜಾಸ್ತಿ ಆಗತ್ತೆ. ಪ್ಯಾಕೇ ಬೆಸ್ಟು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೇ ಹೇಳಿಕೊಟ್ಟಿದ್ದರು, ಮತ್ತೆ ಎಷ್ಟೋ ಮನೆಗಳಿಗೆ ಆ ಮಾತು ನಿಜವೂ ಹೌದು. ಮನೆಯಲ್ಲಿ ಐದು ಜನ ಇದ್ದು, ಒಬ್ಬರಿಗೆ ಕ್ರಿಕೆಟ್, ಮಕ್ಕಳಿಗೆ ಕಾರ್ಟೂನ್, ಇನ್ನೊಬ್ಬರಿಗೆ ತಮಿಳು ಸಿನಿಮಾ, ಮತ್ತೊಬ್ಬರಿಗೆ ತೆಲುಗು ಅಂದರೆ ಬಿಡಿ ಬೆಲೆ ಕೂಡಿಸುತ್ತಾ ಹೋದಂತೆ ಪ್ಯಾಕನ್ನು ದಾಟಿಬಿಡುತ್ತದೆ. ಯಾಕೆಂದರೆ ಚಾನೆಲ್ ಕಂಪನಿಗಳು ಕಟ್ಟಿನ ಮೇಲೆ ಭಾರೀ ರಿಯಾಯಿತಿ ಇಟ್ಟಿದ್ದವು. 70 ಪರ್ಸೆಂಟ್‌ವರೆಗೂ ರಿಯಾಯಿತಿ ಹೋಗಿದೆ ಅಂತ ಟ್ರಾಯ್ ತಾನೇ 2019ರ ಆಗಸ್ಟ್‌ನಲ್ಲಿ ಎತ್ತಿ ಹೇಳಿತು. ಈ ರಿಯಾಯಿತಿಗೆ 15 ಪರ್ಸೆಂಟ್ ಮಿತಿ ಹಾಕಲು ಹೊರಟಿದ್ದನ್ನು ಮದ್ರಾಸ್ ಹೈಕೋರ್ಟ್ 2018ರಲ್ಲಿ ಒಪ್ಪಿರಲಿಲ್ಲ. ಮಿತಿ ಇಲ್ಲದ ಮೇಲೆ ಏನಾಗುತ್ತದೆ? ಒಂದು ಚಾನೆಲ್‌ಗೆ 19, ಅದೇ ಚಾನೆಲ್ ಜೊತೆ ಇನ್ನೂ ಏಳೆಂಟು ಸೇರಿದರೆ ಸ್ವಲ್ಪವೇ ಜಾಸ್ತಿ. ಸಂತೆಯಲ್ಲಿ ಒಂದು ಟೊಮೆಟೊ ಬೇಕು ಅಂದವರಿಗೆ ಬುಟ್ಟಿಯೇ ತಗೊಳ್ಳಿ ಅಂದ ಹಾಗೆ. ಬುಟ್ಟಿ ಅಗ್ಗ ಅನ್ನಿಸುತ್ತದೆ. ಮನೆಗೆ ತಂದ ಮೇಲೆ ಮುಕ್ಕಾಲು ಕೊಳೆಯುತ್ತದೆ.

ಹುಡುಗನ ಕಡೆಯ ಲೆಕ್ಕವನ್ನೂ ಹೇಳಲೇಬೇಕು. ಕೇಬಲ್‌ನಲ್ಲಿ ಮೇಲೆ ದೊಡ್ಡ ಸಂಸ್ಥೆ, ಅವರ ಹೆಡ್‌ಎಂಡ್ ಅನ್ನುವ ಮುಖ್ಯ ಕೇಂದ್ರದಿಂದ ಸಿಗ್ನಲ್ ಬರುತ್ತದೆ. ಕೆಳಗೆ ಏರಿಯಾದ ಆಪರೇಟರ್, ಕಂಬದಿಂದ ಕಂಬಕ್ಕೆ ವೈರ್ ಎಳೆದು ಮನೆಗೆ ಕೊಡುವವರು. ಇಬ್ಬರ ನಡುವೆ ಬೇರೆ ಒಪ್ಪಂದ ಆಗದಿದ್ದರೆ ನೆಟ್‌ವರ್ಕ್ ಶುಲ್ಕ 55ಕ್ಕೆ 45ರಂತೆ ಹಂಚಿಕೆ. 130ರಲ್ಲಿ ಆಪರೇಟರ್ ಪಾಲು 58 ರೂಪಾಯಿ 50 ಪೈಸೆ. ಆ ದೊಡ್ಡ ಪ್ಯಾಕ್‌ನಲ್ಲಿದ್ದ ಹಾಗೆ 130 ಜೊತೆ 40 ಸೇರಿ 170 ಆದರೆ 76 ರೂಪಾಯಿ 50 ಪೈಸೆ. ಪೇ ಚಾನೆಲ್ ಬೆಲೆಯಲ್ಲೂ ವಿತರಕರಿಗೆ, ಅಂದರೆ ಕೇಬಲ್ ಕಡೆಯವರಿಗೆ, ಕನಿಷ್ಠ 20 ಪರ್ಸೆಂಟ್ ಇದೆ. ಅಂದರೆ ದೊಡ್ಡಮ್ಮನ ಬಿಲ್ಲು ಚಿಕ್ಕದಾದಷ್ಟೂ ಆಪರೇಟರ್ ಕೈಗೆ ಬರುವುದು ಕಮ್ಮಿ. ಮಳೆಗಾಲದಲ್ಲಿ ಮರ ಬಿದ್ದು ವೈರ್ ಕಿತ್ತರೆ ರಾತ್ರಿ ಏಣಿ ಹೊತ್ತು ಬರುವವರು ಇವರೇ. ಇವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆರಿಸುವ ಹಾಳೆಯನ್ನು, ಅಂದರೆ ಬೇಕಾದ ಚಾನೆಲ್‌ಗೆ ಗುರುತು ಹಾಕುವ ಪಟ್ಟಿಯನ್ನು, ಮನೆಗೆ ತಲುಪಿಸುವ ಕೆಲಸವನ್ನು, ಆ ಹಾಳೆ ತುಂಬಿದರೆ ನಷ್ಟ ಆಗುವವರ ಕೈಗೇ ಕೊಟ್ಟಿದ್ದು ನಿಯಮ ಮಾಡಿದವರ ದೊಡ್ಡ ತಪ್ಪು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುವುದು ಇದೇ.

ಹಾಳೆ ಕೇಳಿದಾಗ ಎರಡು ದಿನ ಬಿಟ್ಟು ತಂದುಕೊಟ್ಟ. ಎ4 ಕಾಗದದ ಎರಡೂ ಬದಿ ತುಂಬಿದ್ದ ಚಾನೆಲ್ ಪಟ್ಟಿ, ಎಲ್ಲ ಇಂಗ್ಲಿಷ್. ಪ್ಯಾಕ್‌ಗಳು ಮೇಲೆ ದಪ್ಪಕ್ಷರದಲ್ಲಿ. ಬಿಡಿ ಚಾನೆಲ್ ಹಿಂಬದಿಯಲ್ಲಿ, ಇರುವೆ ಸಾಲಿನ ಹಾಗೆ. ನಾನು ಓದಿ ಹೇಳಿದೆ, ದೊಡ್ಡಮ್ಮ ಹೂಂ ಅಂದರು, ಎರಡಕ್ಕೆ ಗುರುತು ಹಾಕಿದೆವು. ಫ್ರೀ ಚಾನೆಲ್‌ಗಳಲ್ಲಿ ಕನ್ನಡದವು ಎಲ್ಲ ಇರಲಿ ಅಂತ ಬರೆದೆವು. ಕೆಳಗೆ ದೊಡ್ಡಮ್ಮ ದುಂಡಗೆ ಕನ್ನಡದಲ್ಲಿ ಸಹಿ ಹಾಕಿದರು. ಹುಡುಗ ತೆಗೆದುಕೊಂಡು ಹೋದ.

ಪ್ಯಾಕ್ ಬದಲಾಯಿತು. ಜೊತೆಗೆ ಚಂದನ ಹೋಯಿತು.

ಬೆಳಿಗ್ಗೆ ಫೋನ್. "ಬೇರೆ ಎಲ್ಲ ಬರ್ತಿದೆ, ಚಂದನ ಬರ್ತಿಲ್ಲ. ಹುಡುಗನ್ನ ಕೇಳಿದ್ರೆ ಅದನ್ನೂ ಆ್ಯಡ್ ಮಾಡಿಸ್ಬೇಕಿತ್ತು ಅಮ್ಮ ಅಂತಾನೆ. ನಿಂಗೆ ಯಾರು ಹೇಳಿದ್ದು ಬದಲಾಯಿಸು ಅಂತ?"

ಬೇಜಾರಾಯಿತು. ಬೈಸಿಕೊಂಡಿದ್ದಕ್ಕಿಂತ ಜಾಸ್ತಿ ಬೇಜಾರಾದದ್ದು, ಇದು ಕೇಳಿ ಪಡೆಯುವ ವಿಷಯವೇ ಅಲ್ಲ ಅನ್ನುವುದಕ್ಕೆ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸರ್ಕಾರ ಸೂಚಿಸಿದ ದೂರದರ್ಶನ ಚಾನೆಲ್‌ಗಳನ್ನು ಪ್ರತಿ ಕೇಬಲ್ ಆಪರೇಟರ್ ಕೊಡಲೇಬೇಕು. 2019ರ ಆ ನೂರು ಚಾನೆಲ್ ಲೆಕ್ಕದಲ್ಲೇ ಇಂಥ 25ರಷ್ಟು ಚಾನೆಲ್‌ಗೆ ಜಾಗ ಮೀಸಲಿತ್ತು, ಚಂದನ ಅದರಲ್ಲಿ ಒಂದು. ಯಾವ ಪ್ಯಾಕ್ ಇರಲಿ, ಎಷ್ಟೇ ಕಮ್ಮಿ ದುಡ್ಡು ಕೊಡಲಿ, ಸಾರ್ವಜನಿಕರ ದುಡ್ಡಿನಿಂದ ನಡೆಯುವ ಚಾನೆಲ್ ಸಾರ್ವಜನಿಕರ ಮನೆಗೆ ತಲುಪಬೇಕು. ಕಾಯ್ದೆಯಲ್ಲಿ ಇದಕ್ಕಿಂತ ನೇರವಾದ ಸಾಲು ಸಿಗುವುದು ಕಷ್ಟ.

ಸಂಸ್ಥೆಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ದೂರಿನ ನಂಬರ್ ಕೊಟ್ಟರು, ಕೆಲಸ ಆಗಲಿಲ್ಲ. ಅದರ ಮೇಲಿನ ಮೆಟ್ಟಿಲು ನೋಡಲ್ ಆಫೀಸರ್, ಪ್ರತಿ ಸಂಸ್ಥೆಯೂ ಇಟ್ಟಿರಲೇಬೇಕಾದ ಹುದ್ದೆ. ಅವರಿಗೆ ದೊಡ್ಡಮ್ಮನ ಹೆಸರಿನಲ್ಲೇ ಕನ್ನಡದಲ್ಲಿ ಪತ್ರ ಬರೆದೆವು. ಬಾಕ್ಸ್ ನಂಬರ್, ದೂರಿನ ನಂಬರ್, 8ನೇ ಸೆಕ್ಷನ್, ಮೂರೇ ವಿಷಯ. ಹಾಗೆಯೇ ಫೆಬ್ರವರಿಯಲ್ಲಿ ಕೇಳದೆ ದೊಡ್ಡ ಪ್ಯಾಕ್‌ಗೆ ಹಾಕಿದ್ದಕ್ಕೆ ಹೆಚ್ಚಿಗೆ ತೆಗೆದುಕೊಂಡ ದುಡ್ಡು ವಾಪಸ್ ಕೊಡಿ ಅಂತ ಒಂದು ಸಾಲು. ಪತ್ರ ಹೋದ ಮೂರನೇ ದಿನ ಚಂದನ ಬಂತು. ದುಡ್ಡು ಬರಲಿಲ್ಲ. ಆ ಸಾಲಿಗೆ ಉತ್ತರವೂ ಬರಲಿಲ್ಲ.

ಟ್ರಾಯ್‌ಗೇ ದೂರು ಕೊಡಬಹುದಿತ್ತಲ್ಲ ಅಂತ ಅನೇಕರು ಕೇಳಿದರು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತೀರ್ಮಾನ ಮಾಡುವುದಿಲ್ಲ, ಆ ಅಧಿಕಾರ ಅದಕ್ಕೆ ಕಾನೂನಿನಲ್ಲಿ ಇಲ್ಲ. ಉಳಿಯುವುದು ಗ್ರಾಹಕರ ಆಯೋಗ. 80 ರೂಪಾಯಿಗೆ ಅಷ್ಟು ದೂರ ಹೋಗುವವರು ಯಾರು? ನಾವೂ ಹೋಗಲಿಲ್ಲ. ಹೋಗಬೇಕಿತ್ತು ಅಂತ ಈಗ ಅನ್ನಿಸುತ್ತದೆ, ಯಾಕೆಂದರೆ ಒಂದೊಂದು ಮನೆಗೆ 80 ರೂಪಾಯಿ ಸಣ್ಣದು, ಒಂದು ಊರಿಗೆ ಅದು ಸಣ್ಣದಲ್ಲ.

ದೂರದರ್ಶನದವರ ಡಿಡಿ ಫ್ರೀ ಡಿಶ್ ಹಾಕಿಸಿಬಿಡಿ ಅಂತಲೂ ಕೆಲವರು ಹೇಳಿದರು. ಒಂದು ಸಲ ತಟ್ಟೆ, ಬಾಕ್ಸ್ ಕೊಂಡರೆ ತಿಂಗಳ ಖರ್ಚಿಲ್ಲ. ಒಳ್ಳೆಯ ಯೋಜನೆಯೇ, 2004ರಿಂದ ಇದೆ. ಆದರೆ ಅದರಲ್ಲಿ ಹಿಂದಿ ಚಾನೆಲ್‌ಗಳೇ ಜಾಸ್ತಿ, ದೊಡ್ಡಮ್ಮನ ಆ ಎರಡು ಧಾರಾವಾಹಿ ಚಾನೆಲ್ ಇರಲಿಲ್ಲ. ಸಾರ್ವಜನಿಕ ಪ್ರಸಾರದ ದೊಡ್ಡ ಅನುಕೂಲವೊಂದು ಕನ್ನಡದವರಿಗೆ ಅರ್ಧವೇ ಸಿಕ್ಕಿದೆ ಅನ್ನುವುದು ನನ್ನ ಹಳೇ ದೂರು.

ಆಮೇಲೆ ಏನೇನಾಯಿತು

ಬೇಗ ಹೇಳಿ ಮುಗಿಸುತ್ತೇನೆ. 2020ರ ಜನವರಿ 1ರಂದು ಟ್ರಾಯ್ ನಿಯಮ ತಿದ್ದಿತು. 130 ರೂಪಾಯಿಗೆ 100 ಇದ್ದದ್ದು 200 ಚಾನೆಲ್ ಆಯಿತು, ಕಡ್ಡಾಯದ ದೂರದರ್ಶನ ಚಾನೆಲ್‌ಗಳು ಆ ಲೆಕ್ಕದಿಂದ ಹೊರಗೆ. ನಮ್ಮ ಚಂದನದ ಜಗಳಕ್ಕೆ ಇದೇ ಸರಿಯಾದ ಉತ್ತರ ಅಂತ ಖುಷಿಯಾಯಿತು. ಕಟ್ಟಿನಲ್ಲಿ ಸೇರಬೇಕಾದ ಚಾನೆಲ್‌ನ ಬೆಲೆ ಮಿತಿಯನ್ನೂ 19ರಿಂದ 12ಕ್ಕೆ ಇಳಿಸಿದರು. ಕಂಪನಿಗಳು ಬಾಂಬೆ ಹೈಕೋರ್ಟಿಗೆ ಹೋದವು. 2021ರ ಜೂನ್ 30ರಂದು ಆ ಕೋರ್ಟ್ 12ರ ಮಿತಿಯನ್ನು ಎತ್ತಿಹಿಡಿಯಿತು. ಆಗ ಕಂಪನಿಗಳು ಇನ್ನೊಂದು ದಾರಿ ಹಿಡಿದವು. ಜನಪ್ರಿಯ ಚಾನೆಲ್‌ಗಳನ್ನು ಕಟ್ಟಿನಿಂದಲೇ ತೆಗೆದು, ಬಿಡಿ ಬೆಲೆ 12ಕ್ಕಿಂತ ಮೇಲಕ್ಕೆ ಏರಿಸಿ ಪಟ್ಟಿ ಪ್ರಕಟಿಸಿದವು. ಬಿಲ್ಲು ಏರುತ್ತದೆ ಅನ್ನುವ ಕೂಗು ಎದ್ದಿತು. ಟ್ರಾಯ್ ಮುಂದೂಡುತ್ತಾ ಹೋಗಿ, 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೇ ಮರಳಿತು, ಕಟ್ಟಿನ ರಿಯಾಯಿತಿಗೆ 45 ಪರ್ಸೆಂಟ್ ಮಿತಿ ಹಾಕಿತು. 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಸಂಸ್ಥೆಗಳಿಗೆ ದೊಡ್ಡ ಚಾನೆಲ್ ಕಂಪನಿಗಳು ಸಿಗ್ನಲ್ಲನ್ನೇ ಕಡಿದವು. ಇಬ್ಬರು ದೊಡ್ಡವರ ಜಗಳದಲ್ಲಿ ಕೆಲವು ದಿನ ಪರದೆ ಕಪ್ಪಾದದ್ದು ದುಡ್ಡು ಕೊಟ್ಟ ಮನೆಗಳಲ್ಲಿ.

2024ರ ಜುಲೈಯಲ್ಲಿ ಟ್ರಾಯ್ 130ರ ಮಿತಿಯನ್ನೇ ತೆಗೆದುಹಾಕಿತು. ಈಗ ನೆಟ್‌ವರ್ಕ್ ಶುಲ್ಕ ಎಷ್ಟು ಅನ್ನುವುದನ್ನು ಸಂಸ್ಥೆಯೇ ಇಡಬಹುದು, ಇಟ್ಟದ್ದನ್ನು ಪ್ರಕಟಿಸಬೇಕು, ಅಷ್ಟೇ. ಪೈಪೋಟಿ ಇದೆಯಲ್ಲ, ಜನ ಮೊಬೈಲ್‌ನಲ್ಲಿ ನೋಡುತ್ತಾರಲ್ಲ, ದರ ತಾನೇ ಇಳಿಯುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಮೊಬೈಲ್ ಇರುವವರಿಗೆ ಅದು ಸರಿ ಇರಬಹುದು. ನಮ್ಮ ದೊಡ್ಡಮ್ಮನ ಬೀದಿಯಲ್ಲಿ ಕೇಬಲ್ ಆಪರೇಟರ್ ಇರುವುದು ಒಬ್ಬರೇ, ದೊಡ್ಡಮ್ಮನ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಅವರ ಮಟ್ಟಿಗೆ ಪೈಪೋಟಿ ಎಲ್ಲಿದೆ?

ಈ ಐದಾರು ವರ್ಷದಲ್ಲಿ 19, 12, ಮತ್ತೆ 19 ಅಂತ ಅಂಕಿ ಬದಲಾಯಿಸಲು ಎಷ್ಟು ಸಭೆ, ಎಷ್ಟು ಕೇಸು! ಪ್ರತಿ ತಿದ್ದುಪಡಿಗೂ ಮುಂಚೆ ಟ್ರಾಯ್ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಯಾರು ಬೇಕಾದರೂ ಬರೆಯಬಹುದು. ಅದು ನಿಜಕ್ಕೂ ಒಳ್ಳೆಯ ಪದ್ಧತಿ. ಆದರೆ ಕರಡು ಬರುವುದು ಇಂಗ್ಲಿಷ್‌ನಲ್ಲಿ, ಪುಟಗಟ್ಟಲೆ. ಉತ್ತರ ಬರೆಯುವವರು ಹೆಚ್ಚಾಗಿ ಕಂಪನಿಗಳ ಕಡೆಯವರು. ಬಿಲ್ಲು ಕಟ್ಟುವವರ ದನಿ ಅಲ್ಲಿಗೆ ಹೋಗುವುದು ತೀರಾ ಕಮ್ಮಿ. ನಾನು ಕೇಳುವುದು ದೊಡ್ಡದೇನಲ್ಲ. ಆರಿಸುವ ಹಾಳೆ ಕನ್ನಡದಲ್ಲಿ ಇರಲಿ, ವರ್ಷಕ್ಕೊಮ್ಮೆ ಮನೆಗೆ ಬರಲಿ, ಬಿಡಿ ಚಾನೆಲ್ ಮುಂಬದಿಯಲ್ಲಿ ಇರಲಿ. ಸಹಿ ಇಲ್ಲದೆ ಬಿಲ್ಲು ಏರಿದರೆ ಏರಿದ ದುಡ್ಡು ಮುಂದಿನ ತಿಂಗಳ ಬಿಲ್ಲಿನಲ್ಲಿ ತಾನಾಗಿ ಕಳೆಯಲಿ. ಕರಡಿನ ಎರಡು ಪುಟದ ಸಾರಾಂಶ ಕನ್ನಡದಲ್ಲೂ ಬರಲಿ. ಇದಕ್ಕೆ ಯಾವ ಕೋರ್ಟಿನ ಅಡ್ಡಿಯೂ ಇಲ್ಲ.

ದೊಡ್ಡಮ್ಮ ಮಾತ್ರ ಈಗ ಚೀಟಿಗೆ ಒಪ್ಪುವುದಿಲ್ಲ. ಹುಡುಗ ಬಂದರೆ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. "ಚಾನೆಲ್‌ಗೆ ಎಷ್ಟು, ವೈರ್‌ಗೆ ಎಷ್ಟು, ಟ್ಯಾಕ್ಸ್ ಎಷ್ಟು, ಬಿಡಿಸಿ ಬರಿಯಪ್ಪ." ಅವನೂ ಬರೆದುಕೊಡುತ್ತಾನೆ, ಚೀಟಿಯ ಹಿಂದೆ, ಕನ್ನಡದಲ್ಲಿ.

ಹೋದ ತಿಂಗಳು ಮತ್ತೆ ಫೋನ್ ಬಂತು.

"ಆ ಎಂಟು ಗಂಟೆ ಧಾರಾವಾಹಿ ಮುಗೀತು ಕಣೋ. ಅದರ ಬದಲು ಬಂದಿರೋದು ಚೆನ್ನಾಗಿಲ್ಲ. ಆ ಚಾನೆಲ್ ತೆಗೆಸಬೇಕು, ಹಾಳೆ ತರೋಕೆ ಹೇಳಿದೀನಿ. ಭಾನುವಾರ ಬಂದು ಓದಿ ಹೇಳು."